ಹಬ್ಬ ಮುಗಿಯುವ ತನಕ

ಬ್ರಿಸ್ಟಲ್
೨ ಜೂನ್ ೨೦೨೪, ಭಾನುವಾರ

ತಮ್ಮ ಗುಲೇದನಿಗೆ,

ನಿನ್ನ ಅಕ್ಕ ಕಲ್ತುನ್ ಹೇಳುವ ಸಲಾಮು. ಸಲಾಮು ಹೇಳದೆ ಕಾಗದ ಶುರು ಮಾಡಬಾರದೆಂದು ಅಪ್ಪ ಕಲಿಸಿದ್ದರಿಂದ ಹೇಳಿದೆ, ಅದಕ್ಕೆ ಹೆಚ್ಚಿನ ಅರ್ಥ ಕಟ್ಟಬೇಡ. ನೀನು, ನಿನ್ನ ಹೆಂಡತಿ, ಮಕ್ಕಳು ಕ್ಷೇಮವಾಗಿರಬಹುದು. ನಾನು ಬದುಕಿದ್ದೇನೆ. ನನ್ನ ರಕ್ತದೊತ್ತಡವೂ ಚೆನ್ನಾಗಿದೆ. ಅದರ ಬಗ್ಗೆ ನಿನಗೆ ಬಹಳ ಕಾಳಜಿಯೆಂದು ಕೇಳಿದ್ದೇನೆ, ಆದ್ದರಿಂದ ಮೊದಲೇ ತಿಳಿಸಿದೆ.

ಬರೆಯುವುದು ಏಳು ವಾರ ತಡವಾಯಿತು. ಅದಕ್ಕೆ ಕ್ಷಮೆ ಕೇಳುವುದು ವಾಡಿಕೆ. ಕೇಳಿದೆ ಎಂದು ತಿಳಿದುಕೋ. ಫೋನು ಮಾಡಬಹುದಿತ್ತು, ಆದರೆ ನಿನ್ನ ನಂಬರು ಬರದ ಹಾಗೆ ನಾನೇ ತಡೆದಿಟ್ಟಿದ್ದೇನೆ. ನಿನ್ನ ದನಿ ಕೇಳಿದರೆ ನನಗೆ ಮಾತು ಮರೆತುಹೋಗುತ್ತದೆ, ಬೈಗುಳ ಮಾತ್ರ ನೆನಪಿರುತ್ತದೆ. ಅಂಬರೊಳ ಅಣ್ಣ ಈ ಗುರುವಾರ ಹರ್ಗೀಸಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹೌದು, ಅದೇ ಅಂಬರೊ. ನನ್ನ ಸಂಬೂಸದಲ್ಲಿ ಮಾಂಸಕ್ಕಿಂತ ಈರುಳ್ಳಿ ಜಾಸ್ತಿ ಎಂದು ತುಂಬಿದ ಸಭೆಯಲ್ಲಿ ಅಂದವಳು. ಆರು ವರ್ಷ ಅವಳ ಹೆಸರು ಕೇಳಿದರೆ ನಾನು ಎದ್ದುಹೋಗುತ್ತಿದ್ದೆ. ಈಗ ಈ ಊರಿನಲ್ಲಿ ನಾನು ಬಾಯಿಬಿಟ್ಟು ಮಾತಾಡುವುದು ಅವಳೊಬ್ಬಳ ಜೊತೆ. ನೀನು ನನಗೆ ಮಾಡಿದ ಉಪಕಾರಗಳಲ್ಲಿ ಇದೂ ಒಂದು.

ನಡೆದದ್ದನ್ನು ನೀನು ನಿನ್ನ ಅಂಗಳದಲ್ಲಿ ನಿಂತು ನೋಡಿದ್ದೀಯ. ಈಗ ನನ್ನ ಅಡುಗೆಮನೆಯಲ್ಲಿ ನಿಂತು ನೋಡು.

ಆ ಭಾನುವಾರ ಇಪ್ಪತ್ತೆಂಟನೆಯ ಉಪವಾಸ. ಹಬ್ಬದ ದಿನ ಹೆಂಗಸರಿಗೂ ಮಕ್ಕಳಿಗೂ ಸಮುದಾಯ ಭವನದಲ್ಲಿ ಮಾಡುವ ಊಟ ಈ ಸಲ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆಯಿಂದ ಈರುಳ್ಳಿ ಹೆಚ್ಚುತ್ತ ಕೂತಿದ್ದೆ. ಬೀಲೆ ಬಸ್ಸಿನ ಪಾಳಿ ಮುಗಿಯುವ ಮೊದಲೇ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಈ ಗಂಡಸು ನನ್ನನ್ನು ಹಾಗೆ ನೋಡಿದ್ದಿಲ್ಲ.

"ಬಸ್ಸನ್ನ ಎಲ್ಲಿ ಬಿಟ್ಟು ಬಂದೆ?" ಎಂದೆ.

"ನಿನ್ನ ಫೋನು ಕೊಡು. ಬ್ಯಾಟರಿ ಉಬ್ಬಿದೆ. ರಿಪೇರಿಗೆ ಕೊಟ್ಟು ಬರ್ತೀನಿ."

"ಹಬ್ಬದ ವಾರದಲ್ಲೇ ಉಬ್ಬಬೇಕಿತ್ತಾ ಅದು?"

"ಅದಕ್ಕೇನು ಗೊತ್ತು ಹಬ್ಬ? ಕೊಡು."

ಕೈ ಒದ್ದೆಯಿತ್ತು, ಗಲ್ಲದಿಂದ ತೋರಿಸಿದೆ. ತೆಗೆದುಕೊಂಡು ಹೋದ. ಆಗಲೇ ಅಪ್ಪನನ್ನು ಮಣ್ಣು ಮಾಡಿ ಎರಡು ತಾಸಾಗಿತ್ತು. ಗಂಡನಿಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದ ಮಗಳು ಇದಿಲ್‌ಗೆ ಮತ್ತೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಬೀಲೆ ಕರೆದನೆಂದು ಮೇಲೆ ಹೋದವಳು ಬಹಳ ಹೊತ್ತು ಬಚ್ಚಲಲ್ಲಿ ನೀರು ಬಿಟ್ಟುಕೊಂಡಿದ್ದಳು. ನೀರು ಪೋಲು ಮಾಡಬೇಡವೆಂದು ನಾನು ಕೆಳಗಿಂದ ಕೂಗಿದೆ. ಆ ದಿನ ನನ್ನ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೆ ಮಾತ್ರ.

ದಿನಾ ಉಪವಾಸ ಬಿಟ್ಟ ಮೇಲೆ ಅಪ್ಪನ ಜೊತೆ ಮಾತಾಡುತ್ತಿದ್ದೆನಲ್ಲ. "ಇವತ್ತೂ ಮಳೇನಾ ಅಲ್ಲಿ?" ಎಂದು ಕೇಳಿ ತಾವೇ ನಗುತ್ತಿದ್ದರು, ಅಷ್ಟೇ ಮಾತು. ಅಷ್ಟು ಸಾಕಾಗುತ್ತಿತ್ತು ನನಗೆ. ಆ ಸಂಜೆ ಬೀಲೆಯ ಫೋನು ಕೇಳಿದೆ. "ಈಗ ತಾನೇ ಗುಲೇದ್ ಜೊತೆ ಮಾತಾಡ್ದೆ. ಮಲಗಿದಾರಂತೆ, ಉಪವಾಸದ ಸುಸ್ತು" ಎಂದ. ಸೋಮವಾರವೂ ಮಲಗಿದ್ದರು. ಮಂಗಳವಾರ ಮಸೀದಿಗೆ ಹೋಗಿದ್ದರು. ಸತ್ತವರನ್ನು ಇಷ್ಟೊಂದು ಓಡಾಡಿಸಿದವರು ನಿಮ್ಮಂಥವರು ಇನ್ನೊಬ್ಬರಿಲ್ಲ.

ಹಬ್ಬದ ಬೆಳಿಗ್ಗೆ ನಾನು ಹಟ ಹಿಡಿದೆ. ಅಪ್ಪನಿಗೆ ಸಲಾಮು ಹೇಳದೆ ನಮಾಜಿಗೆ ಹೊರಡುವುದಿಲ್ಲ ಎಂದೆ. ಬೀಲೆ ಫೋನು ಹಚ್ಚಿ ಕೊಟ್ಟ. ನೀನೇ ಎತ್ತಿದೆ, ಗುಲೇದ್. ನೆನಪಿದೆಯಾ? ನನಗೆ ಒಂದೊಂದು ಅಕ್ಷರವೂ ನೆನಪಿದೆ.

"ಅಪ್ಪ ಆಗ್ಲೇ ನಮಾಜಿಗೆ ಹೋದ್ರು ಅಕ್ಕಾ" ಎಂದೆ. "ಮೊದಲನೇ ಸಾಲು ಹಿಡೀಬೇಕು ಅಂತ."

"ಹೊಸ ಲುಂಗಿ ಉಟ್ಕೊಂಡ್ರಾ? ನಾನು ಕಳಿಸಿದ್ದು?"

"ಉಟ್ಕೊಂಡ್ರು."

"ಬಂದ ಮೇಲೆ ಹೇಳು. ನಿಮ್ಮ ಮಗಳು ಇವತ್ತು ಬಂಗಾರದ ಬಣ್ಣದ ದಿರಾಕ್ ಉಟ್ಟಿದಾಳೆ, ಮದುಮಗಳ ಹಾಗೆ ಕಾಣ್ತಾಳೆ ಅಂತ."

"ಹೇಳ್ತೀನಿ."

ಯಾರಿಗೆ ಹೇಳಿದೆ? ಮಣ್ಣಿಗೆ ಹೇಳಿದೆಯಾ? ಸುಳ್ಳು ಹೇಳುವುದು ಅನಿವಾರ್ಯವಾದರೆ ಒಂದು ಹೇಳಬೇಕು, ಎರಡು ಹೇಳಬೇಕು. ಲುಂಗಿ ಉಡಿಸುವ ತನಕ ಹೋಗಬೇಕಿತ್ತಾ?

ಹೊರಗೆ ಮಳೆ ಹಿಡಿದಿತ್ತು. ಉದ್ಯಾನದಲ್ಲಿ ಆಗಬೇಕಿದ್ದ ನಮಾಜು ಕ್ರೀಡಾಂಗಣದ ಒಳಗೆ ನಡೆಯಿತು. ಅಲ್ಲಿ ಬಾಗಿಲಲ್ಲೇ ಒಬ್ಬೊಬ್ಬರೂ ನನ್ನನ್ನು ತಬ್ಬಿಕೊಂಡರು. ತಬ್ಬಿಕೊಂಡವರು ಬೇಗ ಬಿಡುತ್ತಿರಲಿಲ್ಲ. ಎಂದೂ ನನ್ನ ಕಡೆ ತಿರುಗಿ ನೋಡದ ಮುದುಕಿಯೊಬ್ಬಳು ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಓದಿದಳು. ನಾನು ಹಿಗ್ಗಿದೆ. ಹಬ್ಬದ ಅಡುಗೆ ಹೊತ್ತುಕೊಂಡಿದ್ದಕ್ಕೆ ಜನ ಕೊನೆಗೂ ನನ್ನನ್ನು ಗುರುತಿಸಿದರು ಎಂದುಕೊಂಡೆ. ಎಂಥ ಪೆದ್ದಿ ನೋಡು ನಿನ್ನ ಅಕ್ಕ.

ಭವನದಲ್ಲಿ ಸಾಂಬ್ರಾಣಿ ಹಾಕಿ, ಅನ್ನ, ಆಡಿನ ಮಾಂಸ, ಬಾಳೆಹಣ್ಣು ಎಲ್ಲ ಜೋಡಿಸಿ ತಲೆಯೆತ್ತುವಷ್ಟರಲ್ಲಿ ಎದುರಿಗೆ ಅಂಬರೊ ನಿಂತಿದ್ದಳು. ಬಂದವಳೇ ನನ್ನನ್ನು ಬಿಗಿಯಾಗಿ ಅಪ್ಪಿ, ಕಿವಿಯಲ್ಲಿ, "ಕಲ್ತುನ್, ಸ್ವಲ್ಪ ಹೊರಗೆ ಬಾ. ನಿನ್ನ ಹತ್ರ ಮಾತಾಡ್ಬೇಕು" ಎಂದಳು.

ನಾನು ಅವಳ ಕೈ ಬಿಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದೆ: "ಆರು ವರ್ಷ ಬೇಕಾಯ್ತಾ ನಿನ್ನ ಬೆನ್ನು ಬಗ್ಗೋಕೆ? ಹೊರಗ್ಯಾಕೆ, ಇಲ್ಲೇ ಆಡು ಮಾತು. ಈರುಳ್ಳಿ ವಿಷಯ ಎಲ್ಲರ ಮುಂದೆ ತಾನೇ ಆಡಿದ್ದು?"

ಬೇರೆ ದಿನವಾಗಿದ್ದರೆ ಅರ್ಧ ಭವನ ನಕ್ಕಿರುತ್ತಿತ್ತು. ಯಾರೂ ನಗಲಿಲ್ಲ. ಅಂಬರೊ ನನ್ನ ಮುಖ ನೋಡಿದಳು. "ಹಬ್ಬ ಒಳ್ಳೇದಾಗ್ಲಿ ನಿಂಗೆ" ಎಂದು ತೋಳು ಮಡಚಿಕೊಂಡು ಪಾತ್ರೆ ತೊಳೆಯಲು ಹೋದಳು.

ಊಟವಾದ ಮೇಲೆ ಹೆಂಗಸರು ಸುತ್ತ ಕೂತು ಪದ ಹೇಳಲು ಶುರು ಮಾಡಿದರು. ದನಿಗಳು ಸತ್ತ ಹಾಗಿದ್ದವು. ನಾನು ದಿರಾಕಿನ ಅಂಚು ಎತ್ತಿ ನಡುವೆ ಹೋದೆ. ಮೊಣಕಾಲು ನೋವಿದ್ದರೂ ಕುಣಿದೆ. ಚಪ್ಪಾಳೆ ತಾಳಕ್ಕೆ ಬೀಳುತ್ತಿರಲಿಲ್ಲ. ಆಗ ನಾನು ಆಡಿದ ಮಾತು ಕೇಳು: "ಏನ್ರೇ, ಸತ್ತೋರ ಮನೇಲಿ ಕೂತ ಹಾಗೆ ಕೂತಿದೀರಿ? ಹೊಡೀರಿ ಚಪ್ಪಾಳೆ."

ಹೊಡೆದರು. ನೂರು ಜನ ಹೆಂಗಸರು ತಲೆ ತಗ್ಗಿಸಿ ಚಪ್ಪಾಳೆ ಹೊಡೆದರು. ಇದಿಲ್ ಮೂಲೆಯಲ್ಲಿ ನನ್ನ ಮಾತ್ರೆಯ ಡಬ್ಬಿ ಹಿಡಿದುಕೊಂಡು ಕೂತಿದ್ದಳು. ಯಾರೋ ವಿಷಯ ತಿಳಿಯದ ಹುಡುಗಿ ಎಲ್ಲವನ್ನೂ ಫೋನಿನಲ್ಲಿ ಹಿಡಿದಳು.

ಮರುದಿನ, ಗುರುವಾರ, ಮಧ್ಯಾಹ್ನದ ನಮಾಜು ಮುಗಿಸಿ ದೊಡ್ಡ ಪಾತ್ರೆಗಳನ್ನು ನೆನೆಹಾಕುತ್ತಿದ್ದೆ. ಕಿಟಕಿಯಿಂದ ನೋಡಿದರೆ ಅಂಬರೊ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ನಮ್ಮ ಗೇಟು ತಳ್ಳುತ್ತಿದ್ದಳು. ಹಿಂದೆ ಶೇಖ್ ಸಾಹೇಬರು, ಅವರ ಹಿಂದೆ ನಾಲ್ಕು ಜನ ಹೆಂಗಸರು. ಮನೆಗೆ ಕುರ್ಚಿ ಬರುವುದು ಎರಡೇ ಕಾರಣಕ್ಕೆ. ಮದುವೆ ನಮ್ಮ ಮನೆಯಲ್ಲಿ ಇರಲಿಲ್ಲ.

ಶೇಖ್ ಸಾಹೇಬರು, "ಕಲ್ತುನ್, ನಾವೆಲ್ಲ ಅಲ್ಲಾಹುವಿನವರು, ಅವನ ಕಡೆಗೇ..." ಎಂದು ಶುರು ಮಾಡಿದರು. ನಾನು ಅವರನ್ನು ಮುಗಿಸಲು ಬಿಡಲಿಲ್ಲ.

"ಯಾವಾಗ?" ಎಂದೆ.

"ಭಾನುವಾರ" ಎಂದ ಬೀಲೆ.

"ಯಾವ ಭಾನುವಾರ?"

ನಾನು ಇದಿಲ್ ಮುಖ ನೋಡಿದೆ. ಅವಳ ಕಣ್ಣು ಒಣಗಿತ್ತು. ಅದನ್ನು ನೋಡಿ ನನಗೆ ಎಲ್ಲ ತಿಳಿಯಿತು. ಅವಳ ಅಳು ಆಗಲೇ ಮುಗಿದುಹೋಗಿತ್ತು. ಎಲ್ಲರದೂ ಮುಗಿದಿತ್ತು. ಬಂದವರು ನನ್ನ ಪಕ್ಕ ಕೂತು ಬೆನ್ನು ಸವರಿದರು, ಚಹಾ ಮಾಡಿಕೊಟ್ಟರು, ಖುರಾನು ಓದಿದರು. ನನ್ನ ಜೊತೆ ಅಳುವುದಕ್ಕೆ ಯಾರ ಹತ್ತಿರವೂ ಕಣ್ಣೀರು ಉಳಿದಿರಲಿಲ್ಲ. ಸ್ವಂತ ಅಪ್ಪನ ಸಾವಿಗೆ ನಾನು ನಾಲ್ಕು ದಿನ ತಡವಾಗಿ ಬಂದ ನೆಂಟಳಾದೆ.

ಎಲ್ಲರೂ ಹೋದ ಮೇಲೆ ಅಂಬರೊ ಒಬ್ಬಳು ಉಳಿದಳು. ಅವಳಿಗೂ ಭವನದ ಹೆಂಗಸರಿಗೂ ಬೀಲೆ ಸೋಮವಾರವೇ ಹೇಳಿ, ಹಬ್ಬ ಮುಗಿಯುವ ತನಕ ಬಾಯಿ ಬಿಡಬೇಡಿ ಎಂದಿದ್ದನಂತೆ. "ನಿನ್ನ ಮೇಲೆ ನಂಗೇನೂ ಪ್ರೀತಿ ಉಕ್ಕಿ ಬಂದಿಲ್ಲ ಕಲ್ತುನ್" ಎಂದಳು. "ಈಗ್ಲೂ ನಿನ್ನ ಸಂಬೂಸದಲ್ಲಿ ಈರುಳ್ಳಿ ಜಾಸ್ತೀನೇ. ಆದ್ರೆ ಅಪ್ಪ ಸತ್ತೋಳನ್ನ ಕುಣಿಸಿ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಹೇಳೋಣ ಅಂತಲೇ ಕರ್ದೆ. ನೀನು ಬರ್ಲಿಲ್ಲ. ಎಲ್ಲರ ಮುಂದೆ ಹೇಳೋ ಧೈರ್ಯ ನಂಗೂ ಸಾಲ್ಲಿಲ್ಲ."

ಇಡೀ ಊರಿನಲ್ಲಿ ನನಗೆ ನಿಜ ಹೇಳಲು ಹೊರಟವಳು ನನ್ನ ಶತ್ರು ಒಬ್ಬಳೇ. ನನ್ನವರೆಲ್ಲ ನನ್ನ ಒಳ್ಳೆಯದಕ್ಕಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಬೀಲೆಗೆ ಕೇಳಿದೆ. "ಗುಲೇದ್ ಆಣೆ ಹಾಕಿದ್ದ" ಎಂದ. ಇದಿಲ್‌ಗೆ ಕೇಳಿದೆ. "ಮಾಮ ಹೇಳಿದ್ರು, ಎರಡು ವರ್ಷದ ಹಿಂದೆ ಶಾಲೆ ಅಡುಗೆಮನೇಲಿ ತಲೆಸುತ್ತಿ ಬಿದ್ದಿದ್ಯಲ್ಲ, ಇದನ್ನ ಕೇಳಿ ಮತ್ತೆ ಬಿದ್ರೆ ಅಂತ" ಎಂದಳು. ಎಲ್ಲ ದಾರಿಯೂ ನಿನ್ನ ಮನೆಗೇ ಬರುತ್ತದೆ. ಆ ದಿನದಿಂದ ಗಂಡನಿಗೆ ಅನ್ನ ಬಡಿಸುತ್ತೇನೆ, ಮಾತು ಬಡಿಸುವುದಿಲ್ಲ. ಮಗಳು ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಬೆನ್ನು ನೋಡುತ್ತಾಳೆ. ನೋಡಲಿ.

ಶನಿವಾರ ಹಲೀಮೊ ಅತ್ತೆ ಫೋನು ಮಾಡಿದಳು. ಸಂತಾಪ ಹೇಳುವುದಕ್ಕೆ ಎಂದುಕೊಂಡೆ. ನಾನು ಕುಣಿದ ಚಿತ್ರ ಫೋನಿನಿಂದ ಫೋನಿಗೆ ಹಾರಿ ಹರ್ಗೀಸ ಮುಟ್ಟಿತ್ತು.

"ನನ್ನ ಅಣ್ಣನ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ನೀನು ಬಂಗಾರ ಉಟ್ಕೊಂಡು ಸೊಂಟ ಬಳುಕಿಸ್ತಿದ್ದೆ" ಎಂದಳು.

"ನಂಗೆ ಗೊತ್ತಿರ್ಲಿಲ್ಲ ಅತ್ತೆ."

"ಲಂಡನ್ನಿನವರಿಗೆ ಗೊತ್ತಿತ್ತು, ನೈರೋಬಿಯವರಿಗೆ ಗೊತ್ತಿತ್ತು. ಹೆತ್ತ ಮಗಳಿಗೆ ಗೊತ್ತಿರ್ಲಿಲ್ವಾ? ಯಾರಿಗೆ ಹೇಳ್ತೀಯೇ ಈ ಕಥೆ?"

ಗುಲೇದ್, ಅತ್ತೆಯ ಮನೆ ನಿನ್ನ ಮನೆಯಿಂದ ನಾಲ್ಕು ಹೆಜ್ಜೆ. ದಿನಾ ಅವಳ ಕೈಯಿಂದ ಚಹಾ ಕುಡಿಯುತ್ತೀಯ. "ಬಚ್ಚಿಟ್ಟದ್ದು ನಾನು" ಎಂಬ ಎರಡು ಮಾತು ನಿನ್ನ ಬಾಯಿಂದ ಬರಲಿಲ್ಲ. ಅವಳ ಬೈಗುಳಕ್ಕೆ ಹೆದರಿ ನೀನು ಸುಮ್ಮನಿದ್ದೆ. ನನ್ನ ಆರೋಗ್ಯಕ್ಕಾಗಿ ಸುಳ್ಳು ಹೇಳಿದವನು, ನನ್ನ ಮಾನಕ್ಕಾಗಿ ನಿಜ ಹೇಳಲಿಲ್ಲ. ಈಗ ನಮ್ಮ ಬಳಗದಲ್ಲಿ ನಾನು ಅಪ್ಪ ಸತ್ತಾಗ ಕುಣಿದ ಮಗಳು. ನನ್ನ ಹೆಣ ಬಿದ್ದ ಮೇಲೂ ಈ ಮಾತು ಉಳಿಯುತ್ತದೆ. ಇದಿಲ್ ಮದುವೆಯಲ್ಲಿ ಯಾರಾದರೂ ಪಿಸುಗುಟ್ಟುತ್ತಾರೆ, ನೋಡುತ್ತಿರು.

ಆ ರಾತ್ರಿ ನಿನಗೆ ಫೋನು ಮಾಡಿ ಕೂಗಾಡಿದೆ. ನೀನು ಏನಂದೆ? "ಹೂಳೋ ಹೊತ್ತಿಗೆ ನೀನು ಹೇಗೂ ಬಂದು ಮುಟ್ತಿರ್ಲಿಲ್ಲ ಅಕ್ಕಾ. ಒಂದು ಹಬ್ಬ ಆದ್ರೂ ನೆಮ್ಮದಿಯಾಗಿ ಉಣ್ಲಿ ಅಂತ..."

"ನಾನೇನು ಮಗುವಾ?" ಎಂದೆ.

ನೀನು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲ" ಎಂದೆ. ಅಷ್ಟಕ್ಕೇ ನಾನು ಫೋನು ಇಟ್ಟೆ.

ನಾನು ಬಂದು ಮುಟ್ಟುತ್ತಿರಲಿಲ್ಲ, ನಿಜ. ಹಿಡಿ ಮಣ್ಣು ಹಾಕುವುದಕ್ಕೆ ನಾನು ಕೇಳಿರಲಿಲ್ಲ. ಅಪ್ಪ ಇಲ್ಲದ ಮೊದಲ ದಿನ ಅಪ್ಪ ಇಲ್ಲದವಳಂತೆ ಇರುವ ಹಕ್ಕು ನನಗಿತ್ತು. ಅದನ್ನು ನೀನು ಕಿತ್ತುಕೊಂಡೆ. ಆ ನಾಲ್ಕು ದಿನ ನಾನು ಆಡಿದ್ದು, ನಕ್ಕಿದ್ದು, ಉಂಡದ್ದು ಯಾವುದೂ ನನ್ನದಾಗಿ ಉಳಿದಿಲ್ಲ. ನೆನೆದುಕೊಂಡರೆ ಯಾವಳೋ ಬುದ್ಧಿಗೆಟ್ಟವಳನ್ನು ನೋಡಿದಂತಾಗುತ್ತದೆ.

ಈಗ ನಿನ್ನಿಂದ ನನಗೆ ಬೇಕಾದದ್ದು ಒಂದೇ. ಬರುವ ಹಜ್ ಹಬ್ಬದ ದಿನ ಬಳಗವೆಲ್ಲ ಅತ್ತೆಯ ಅಂಗಳದಲ್ಲಿ ಸೇರುತ್ತದಲ್ಲ, ಅಲ್ಲಿ ಎದ್ದು ನಿಲ್ಲು. ಊಟಕ್ಕೆ ಮೊದಲು, ಎಲ್ಲರ ಎದುರಿಗೆ, "ಕಲ್ತುನ್‌ಗೆ ಗೊತ್ತಿರಲಿಲ್ಲ, ಹೇಳಬೇಡಿ ಎಂದವನು ನಾನು" ಎನ್ನು. ಅತ್ತೆ ಬೈದರೆ ಬೈಸಿಕೋ. ನೀನು ಗಂಡಸು, ಬೈಗುಳ ನಿನಗೆ ಮೈಲಿಗೆಯಲ್ಲ. ನೀನು ಹೇಳಿದೆಯೋ ಇಲ್ಲವೋ ಎನ್ನುವುದು ಅಂಬರೊಳ ಅಣ್ಣನಿಂದ ನನಗೆ ತಿಳಿಯುತ್ತದೆ, ಅವನೂ ಆ ಊಟಕ್ಕೆ ಬರುತ್ತಾನೆ. ಹೇಳದಿದ್ದರೆ ನಿನಗೆ ಅಕ್ಕ ಇಲ್ಲ ಎಂದು ತಿಳಿ. ಇದು ಸಿಟ್ಟಿನ ಮಾತಲ್ಲ. ಸಿಟ್ಟಿನಲ್ಲಿ ಬರೆದ ನಾಲ್ಕು ಕಾಗದ ಹರಿದುಹಾಕಿ ಇದನ್ನು ಬರೆದಿದ್ದೇನೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ದೊಡ್ಡವಳಿಗೆ ಒಂದು ಸ್ವೆಟರ್ ಕಳಿಸಿದ್ದೇನೆ, ತೋಳು ಉದ್ದವಾದರೆ ಮಡಚಿ ಹೊಲಿಸು. ನಿನ್ನ ಹೆಂಡತಿ ಅಪ್ಪನಿಗೆ ಕೊನೆಯ ಸಂಜೆಯೂ ಉಪವಾಸ ಬಿಡಲು ಗಂಜಿ ಮಾಡಿಕೊಟ್ಟಳೆಂದು ಕೇಳಿದೆ, ಆ ಕೈಗಳಿಗೆ ಅಲ್ಲಾಹು ಎಂದೂ ನೋವು ಕೊಡದಿರಲಿ. ನಿನ್ನ ಮನೆಯ ಬಾವಿ ಬತ್ತದಿರಲಿ, ಮಕ್ಕಳು ಓದಿ ಮುಂದೆ ಬರಲಿ. ನಿನಗಾಗಿ ಬೇರೆಯಾಗಿ ಏನನ್ನೂ ಬೇಡಿಕೊಂಡಿಲ್ಲ. ನೀನು ಆ ಅಂಗಳದಲ್ಲಿ ಎದ್ದು ನಿಂತ ಮೇಲೆ ಬೇಡಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಕಲ್ತುನ್

ಮರೆತದ್ದು: ಮೇಲಿನದನ್ನು ಬರೆದು ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ.

"ನಾನೇನು ಮಗುವಾ" ಎಂದಾಗ ನೀನು ಸುಮ್ಮನಾದೆಯಲ್ಲ, ಆಗ ನೀನು ಏನು ಹೇಳಬಹುದಿತ್ತೆಂದು ನನಗೆ ಗೊತ್ತು. ಹೇಳಲಿಲ್ಲ. ಅದನ್ನು ಕೇಳಬೇಕಾಗುತ್ತದೆಂದು ಹೆದರಿ ನಾನು ಫೋನು ಇಟ್ಟುಬಿಟ್ಟೆ.

ಹರ್ಗೀಸದ ಮೇಲೆ ಬಾಂಬು ಬಿದ್ದ ವರ್ಷ ಗಡಿ ದಾಟಿ ಆ ಶಿಬಿರ ಸೇರಿದಾಗ ನಿನಗೆ ಏಳು, ನನಗೆ ಹದಿನಾರು. ಅಪ್ಪ ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಹಜ್ ಹಬ್ಬಕ್ಕೆ ಎರಡು ದಿನವಿದ್ದಾಗ ಅಮ್ಮ ಹೋದಳು. ನಿನ್ನನ್ನು ನೀರಿನ ಸಾಲಿನಲ್ಲಿ ನಿಲ್ಲಿಸಿ ಬಂದು, ಪಕ್ಕದ ಗುಡಾರದ ಹೆಂಗಸರ ಜೊತೆ ಸೇರಿ ಅಮ್ಮನ ಮೈ ತೊಳೆದೆ. ಗಂಡಸರು ಹೊತ್ತುಕೊಂಡು ಹೋದರು. ನೀನು ಬಂದಾಗ, "ಅಮ್ಮನ್ನ ಬಿಳೀ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಹಬ್ಬ ಮುಗಿದ ಮೇಲೆ ಬರ್ತಾಳೆ" ಎಂದೆ. ಒಂದು ಹಬ್ಬವಾದರೂ ನೀನು ನೆಮ್ಮದಿಯಾಗಿ ಉಣ್ಣಲಿ ಎಂದುಕೊಂಡೆ. ಹೌದು, ನಾನೂ ಇದೇ ಮಾತು ಅಂದುಕೊಂಡೆ.

ಯಾರೋ ಪುಣ್ಯಾತ್ಮರು ಕೊಟ್ಟ ಮಾಂಸದಲ್ಲಿ ನೀನು ಅರ್ಧ ತಿಂದು, ಉಳಿದದ್ದನ್ನು ಹಾಲಿನಪುಡಿಯ ಡಬ್ಬಿಯಲ್ಲಿ ಹಾಕಿ ಮುಚ್ಚಳದ ಮೇಲೆ ಕಲ್ಲಿಟ್ಟೆ. ಅಮ್ಮನಿಗೆ ಎಂದೆ. ನಾಲ್ಕನೆಯ ದಿನ ಅದು ನಾರಿತು. ನಾನು ಚೆಲ್ಲಲು ಹೋದಾಗ ಅಡ್ಡ ಬಂದು ನನ್ನ ಕೈ ಕಚ್ಚಿದೆ. ನೋವಿಗೆ ನಾನು ಕೂಗಿದೆ: "ಯಾರು ತಿಂತಾರೆ ಇದನ್ನ? ಅಮ್ಮ ಸತ್ತು ಆರು ದಿನ ಆಯ್ತು." ನಿನಗೆ ಸುದ್ದಿ ಕೊಟ್ಟದ್ದು ಹೀಗೆ. ಶೇಖ್ ಸಾಹೇಬರಿರಲಿಲ್ಲ, ಕುರ್ಚಿಗಳಿರಲಿಲ್ಲ. ನೀನು ಅಳಲಿಲ್ಲ. ಡಬ್ಬಿ ತೆಗೆದುಕೊಂಡು ಹೋದೆ, ಮಣ್ಣು ಹಾಕಿ ಉಜ್ಜಿ ತೊಳೆದು, ಅದರ ತುಂಬ ನೀರು ತಂದು ನನ್ನ ಮುಂದೆ ಇಟ್ಟೆ. ಆಮೇಲೆ ಆ ವಿಷಯ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂವತ್ತಾರು ವರ್ಷ ಅದನ್ನು ಪ್ರೀತಿ ಎಂದೇ ತಿಳಿದಿದ್ದೆ. ಈಗ ನೀನು ಕೂತಿದ್ದ ಜಾಗದಲ್ಲಿ ನಾನು ಕೂತಿದ್ದೇನೆ, ಗುಲೇದ್, ಇದು ಏನೆಂದು ಗೊತ್ತಾಗಿದೆ. ಅಂಗಳದಲ್ಲಿ ನಿಲ್ಲುವುದು ಬಿಡುವುದು ನಿನಗೆ ಬಿಟ್ಟಿದ್ದು. ಆದರೆ ಈ ಒಂದಕ್ಕೆ ಉತ್ತರ ಬರೆ. ನಿನಗೂ ನನ್ನ ಮೇಲೆ ಇಂಥದೇ ಸಿಟ್ಟು ಬಂದಿತ್ತಾ? ಬಂದಿದ್ದರೆ, ಅದು ಹೋಯಿತಾ?